ಜರ್ಮನಿಯಲ್ಲಿ ಮಾಸ್ಟರ್ಸ್ ಓದಬೇಕೆ? ಹದಿನೈದು ತಿಂಗಳ ಮೊದಲೇ ಶುರು ಮಾಡಿ

ಪ್ರತಿ ವರ್ಷ ಜೂನ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜ್ ಬರುತ್ತದೆ. "ಅಕ್ಕಾ, ಬಿಇ ಮುಗೀತು. ಅಕ್ಟೋಬರ್‌ಗೆ ಜರ್ಮನಿಗೆ ಹೋಗ್ಬೇಕು ಅಂದ್ಕೊಂಡಿದ್ದೀನಿ. ಎಲ್ಲಿಂದ ಶುರು ಮಾಡ್ಲಿ?" ಓದಿದಾಗೆಲ್ಲ ಸಂಕಟವಾಗುತ್ತದೆ. ಹುಡುಗನಿಗೆ ಒಳ್ಳೆ ಮಾರ್ಕ್ಸ್ ಬಂದಿರುತ್ತದೆ, ಮನೆಯಲ್ಲಿ ಒಪ್ಪಿರುತ್ತಾರೆ, ದುಡ್ಡಿಗೂ ಏನೋ ಒಂದು ದಾರಿ ಮಾಡಿಕೊಂಡಿರುತ್ತಾರೆ. ಟೈಮ್ ಮಾತ್ರ ಮೀರಿ ಹೋಗಿರುತ್ತದೆ. ಅಷ್ಟು ಹೊತ್ತಿಗೆ ಆ ಅಕ್ಟೋಬರ್‌ನ ಅರ್ಜಿಗಳು ಬಹುತೇಕ ಮುಗಿದಿರುತ್ತವೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಜರ್ಮನಿಗೆ ಹೋಗುವ ಕೆಲಸದಲ್ಲಿ ಕಷ್ಟ ಅನ್ನುವಂಥದ್ದು ಕಡಿಮೆ. ನಿಧಾನ ಆಗುವಂಥದ್ದು ಜಾಸ್ತಿ. ಒಂದು ಪೇಪರ್ ಬಂದರೆ ಮಾತ್ರ ಇನ್ನೊಂದಕ್ಕೆ ಅರ್ಜಿ ಹಾಕಬಹುದು, ಅದು ಬಂದರೆ ಮುಂದಿನದು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಗೊತ್ತಿದ್ದರೆ ಲಕ್ಷಗಟ್ಟಲೆ ಕೊಟ್ಟು ಯಾವ ಕನ್ಸಲ್ಟೆನ್ಸಿಗೂ ಹೋಗಬೇಕಿಲ್ಲ. ನಾನು ಹೋಗಿದ್ದು ಹೀಗೆಯೇ. ನನ್ನ ಹಿಂದೆ ಬಂದ ಎಷ್ಟೋ ಹುಡುಗ ಹುಡುಗಿಯರೂ ಹೀಗೆಯೇ ಹೋಗಿದ್ದಾರೆ.

ಮೊದಲು ಇದು ನಿಮಗೆ ಹೊಂದುತ್ತದೆಯೇ ನೋಡಿ

ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಮಾಸ್ಟರ್ಸ್ ಕೋರ್ಸ್‌ಗಳಿಗೆ ಬೋಧನಾ ಶುಲ್ಕ ಇಲ್ಲ. ಹೊರದೇಶದವರಿಗೂ ಇಲ್ಲ. ಪ್ರತಿ ಸೆಮಿಸ್ಟರ್‌ಗೆ 100ರಿಂದ 400 ಯೂರೋ ತನಕ ಒಂದು ಸೆಮಿಸ್ಟರ್ ಶುಲ್ಕ ಕಟ್ಟುತ್ತೀರಿ, ಅಷ್ಟೇ. ಬಹಳ ಕಡೆ ಬಸ್ಸು, ರೈಲಿನ ಪಾಸು ಅದರಲ್ಲೇ ಸೇರಿರುತ್ತದೆ.

ಆದರೆ "ಜರ್ಮನಿ ಪೂರ್ತಿ ಫ್ರೀ" ಅನ್ನುವ ಮಾತನ್ನು ಹಾಗೇ ನಂಬಬೇಡಿ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸು ಇದೆ. ಸ್ಟುಟ್‌ಗಾರ್ಟ್, ಹೈಡಲ್‌ಬರ್ಗ್, ಕಾರ್ಲ್ಸ್‌ರೂಹ, ಫ್ರೈಬುರ್ಗ್, ಟ್ಯೂಬಿಂಗನ್ ಎಲ್ಲ ಈ ರಾಜ್ಯದಲ್ಲೇ ಇವೆ. ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿ ಕೂಡ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಫೀಸು ಶುರು ಮಾಡಿದೆ. ಅಲ್ಲಿ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ಆಗುತ್ತದೆ.

ಇನ್ನು ಖಾಸಗಿ ಕಾಲೇಜುಗಳ ವಿಷಯ. ಇದನ್ನು ತಂದೆ ತಾಯಂದಿರು ಗಮನವಿಟ್ಟು ಓದಬೇಕು. "ನಮ್ಮ ಫೀಸು ಏನೂ ಇಲ್ಲ, ಎಲ್ಲ ನಾವೇ ಮಾಡಿಕೊಡ್ತೀವಿ" ಅನ್ನುವ ಏಜೆಂಟರಲ್ಲಿ ಅನೇಕರಿಗೆ ಕಮಿಷನ್ ಕೊಡುವುದು ಖಾಸಗಿ ಕಾಲೇಜು. ಹಾಗಾಗಿ ಅವರ ಪಟ್ಟಿಯಲ್ಲಿ ಸರ್ಕಾರಿ ಯೂನಿವರ್ಸಿಟಿ ಕಾಣುವುದೇ ಅಪರೂಪ. ಖಾಸಗಿ ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಸಾವಿರ ಯೂರೋಗಿಂತ ಜಾಸ್ತಿ ಕಟ್ಟುವವರು ಎಷ್ಟೋ ಮಂದಿ ಇದ್ದಾರೆ. ಅದೇ ಮಾರ್ಕ್ಸ್‌ಗೆ ಸರ್ಕಾರಿ ಸೀಟು ಸಿಗುತ್ತಿತ್ತು ಅಂತ ಅವರಿಗೆ ಗೊತ್ತಾಗುವುದು ಅಲ್ಲಿಗೆ ಹೋದ ಮೇಲೆ. ನೋಡುವಾಗ ಹೊಟ್ಟೆ ಉರಿಯುತ್ತದೆ. ಯಾರಾದರೂ ಕಾಲೇಜಿನ ಹೆಸರು ಹೇಳಿದರೆ ಮೊದಲು ಕೇಳಿ: ಇದು ಸರ್ಕಾರಿಯೋ ಖಾಸಗಿಯೋ?

ಯಾರು ಹೋಗಬಹುದು? ನಾಲ್ಕು ವರ್ಷದ ಬಿಇ, ಬಿಟೆಕ್ ಆದವರಿಗೆ ದಾರಿ ನೇರ. ಮೂರು ವರ್ಷದ ಬಿಎಸ್ಸಿ, ಬಿಕಾಂ, ಬಿಎ ಆದವರಿಗೆ ಕೆಲವು ಯೂನಿವರ್ಸಿಟಿಗಳು ಸೀಟು ಕೊಡುತ್ತವೆ, ಕೆಲವು ಕೊಡುವುದಿಲ್ಲ. ಅದು ಆ ಕೋರ್ಸಿನ ಪುಟದಲ್ಲೇ ಬರೆದಿರುತ್ತದೆ, ಇಲ್ಲದಿದ್ದರೆ ಒಂದು ಇಮೇಲ್ ಹಾಕಿ ಕೇಳಿ. ಪಿಯುಸಿ ಮುಗಿಸಿ ಡಿಗ್ರಿಗೇ ಹೋಗಬೇಕು ಅನ್ನುವವರಿಗೆ ಬರೀ ಪಿಯುಸಿ ಮಾರ್ಕ್ಸ್ ಸಾಕಾಗುವುದಿಲ್ಲ. ಇಲ್ಲಿ ಒಂದು ವರ್ಷ ಡಿಗ್ರಿ ಓದಿ ಪಾಸಾಗಿರಬೇಕು, ಅಥವಾ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಇಲ್ಲವೇ ಅಲ್ಲಿ ಷ್ಟುಡಿಯೆನ್‌ಕೊಲೆಗ್ ಅನ್ನುವ ಒಂದು ವರ್ಷದ ತಯಾರಿ ಕೋರ್ಸ್ ಮಾಡಬೇಕು. ಅದಕ್ಕೆ ಜರ್ಮನ್ ಭಾಷೆ ಚೆನ್ನಾಗಿ ಬರಬೇಕು. ಆ ದಾರಿಯೇ ಬೇರೆ. ಇಲ್ಲಿಂದ ಮುಂದೆ ನಾನು ಹೇಳುವುದು ಮಾಸ್ಟರ್ಸ್ ಬಗ್ಗೆ.

ಹೆಜ್ಜೆ 1: ಹೆಸರು ಸರಿಮಾಡಿಕೊಳ್ಳಿ

ಅಕ್ಟೋಬರ್‌ಗೆ ಕ್ಲಾಸು ಅಂದರೆ ಹಿಂದಿನ ವರ್ಷದ ಜುಲೈಯಲ್ಲಿ ಕೆಲಸ ಶುರುವಾಗಬೇಕು. ಮೊದಲ ಕೆಲಸ ಯೂನಿವರ್ಸಿಟಿ ಹುಡುಕುವುದಲ್ಲ. ಬೀರುವಿನಲ್ಲಿರುವ ಫೈಲ್ ತೆಗೆದು ಎಲ್ಲ ಪೇಪರ್‌ಗಳನ್ನೂ ಚಾಪೆಯ ಮೇಲೆ ಸಾಲಾಗಿ ಹರಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ ಮಾರ್ಕ್ಸ್ ಕಾರ್ಡ್, ಡಿಗ್ರಿಯ ಒಂದೊಂದು ಸೆಮಿಸ್ಟರ್‌ದು, ಆಧಾರ್, ಪಾಸ್‌ಪೋರ್ಟ್. ಈಗ ಪ್ರತಿಯೊಂದರಲ್ಲೂ ನಿಮ್ಮ ಹೆಸರನ್ನು ಅಕ್ಷರ ಅಕ್ಷರ ಓದಿ.

ನಮ್ಮ ಕಡೆ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ, ಅಲ್ವಾ? ಊರಿನದೊಂದು, ಅಪ್ಪನದೊಂದು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ "ಸುಷ್ಮಾ ಎಚ್. ಕೆ." ಇರುತ್ತದೆ. ಡಿಗ್ರಿ ಕಾರ್ಡಿನಲ್ಲಿ "ಎಚ್ ಕೆ ಸುಷ್ಮಾ". ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪ ಎಲ್ಲರ ಹೆಸರೂ ಸೇರಿ ಉದ್ದವಾಗಿರುತ್ತದೆ, ಇಲ್ಲವೇ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ನಮಗೆ ಇದು ಒಬ್ಬಳೇ ಹುಡುಗಿ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಪೇಪರ್ ಪರೀಕ್ಷೆ ಮಾಡುವ ಜರ್ಮನ್ ಅಧಿಕಾರಿಗೆ ಇವು ಮೂರು ಬೇರೆ ಹೆಸರುಗಳು.

ನನಗೂ ಇದೇ ಆಯಿತು. ಒಂದು ಸೆಮಿಸ್ಟರ್‌ನ ಕಾರ್ಡಿನಲ್ಲಿ ಮಾತ್ರ ನನ್ನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿತ್ತು. ನಾಲ್ಕು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ತಿದ್ದಿಸಲು ಹೋದಾಗ ಕಾಲೇಜಿನಿಂದ ಯೂನಿವರ್ಸಿಟಿಗೆ, ಅಲ್ಲಿಂದ ಮತ್ತೆ ಕಾಲೇಜಿಗೆ ಅಂತ ಏಳು ವಾರ ಹೋಯಿತು. ಅಮ್ಮ ಪ್ರತಿ ಸಲವೂ ಬುತ್ತಿ ಕಟ್ಟಿ ಕಳಿಸುತ್ತಿದ್ದರು. ಆಫೀಸಿನ ಮುಂದಿನ ಬೆಂಚಿನಲ್ಲಿ ಕೂತು ಚಿತ್ರಾನ್ನ ತಿಂದು, "ಇವತ್ತು ಸಾಹೇಬರು ಬಂದಿಲ್ಲ" ಅಂತ ಕೇಳಿಸಿಕೊಂಡು ಬಸ್ಸು ಹತ್ತುತ್ತಿದ್ದೆ. ಟೈಮ್ ಕೈಯಲ್ಲಿತ್ತು, ಬಚಾವಾದೆ. ಇದೇ ಕೆಲಸ ಮೇ ತಿಂಗಳಲ್ಲಿ ಎದುರಾಗಿದ್ದರೆ ಆ ವರ್ಷ ಹೋಗುತ್ತಿತ್ತು.

ತಿದ್ದಿಸಲು ಆಗುವುದನ್ನು ಈಗಲೇ ತಿದ್ದಿಸಿ. ಇನಿಷಿಯಲ್ ವ್ಯತ್ಯಾಸ ಇದ್ದರೆ ನೋಟರಿ ಹತ್ತಿರ "ಈ ಎಲ್ಲ ಹೆಸರೂ ಒಬ್ಬರದೇ" ಎಂಬ ಅಫಿಡವಿಟ್ ಇಂಗ್ಲಿಷಿನಲ್ಲಿ ಮಾಡಿಸಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲದಿದ್ದರೆ ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ.

ಇದರ ಜೊತೆಗೇ ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್‌ಗೆ, ಅಂದರೆ ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಒಟ್ಟಿಗಿರುವ ಅಧಿಕೃತ ಪಟ್ಟಿಗೆ ಅರ್ಜಿ ಹಾಕಿ. ಅದೂ ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಯಾರಾದರೂ "ಅಪೋಸ್ಟಿಲ್ ಮಾಡಿಸಿ, ಇಷ್ಟು ಸಾವಿರ ಆಗುತ್ತೆ" ಅಂದರೆ ಕೊಡಬೇಡಿ. ಅಪೋಸ್ಟಿಲ್ ಅಂದರೆ ನಮ್ಮ ಪೇಪರ್ ಬೇರೆ ದೇಶದಲ್ಲೂ ನಡೆಯಲಿ ಅಂತ ಸರ್ಕಾರ ಹಾಕುವ ಮುದ್ರೆ, ಭಾರತದ್ದನ್ನು ಜರ್ಮನಿ ಒಪ್ಪುವುದಿಲ್ಲ.

ಹೆಜ್ಜೆ 2: ಕೋರ್ಸ್ ಹುಡುಕುವುದು

ಇದಕ್ಕೆ ಎರಡು ಒಳ್ಳೆಯ ಜಾಗಗಳಿವೆ. ಒಂದು ಡಾಡ್, ಅಂದರೆ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ನಡೆಸುವ ಇಂಟರ್‌ನ್ಯಾಷನಲ್ ಪ್ರೋಗ್ರಾಮ್ಸ್ ಪಟ್ಟಿ. ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸ್‌ಗಳನ್ನು ಬೇರ್ಪಡಿಸಿ ನೋಡಬಹುದು. ಇನ್ನೊಂದು ಹೊಖ್‌ಷೂಲ್‌ಕೊಂಪಾಸ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಮೂರು ಥರದ ಸಂಸ್ಥೆಗಳು ಕಣ್ಣಿಗೆ ಬೀಳುತ್ತವೆ. ಯೂನಿವರ್ಸಿಟಿ, ಟೆಕ್ನಿಕಲ್ ಯೂನಿವರ್ಸಿಟಿ, ಮತ್ತು ಹೊಖ್‌ಷೂಲ. ಹೊಖ್‌ಷೂಲ ಅಂದಕೂಡಲೇ ಹೈಸ್ಕೂಲು ಅಂದುಕೊಂಡು ಬಿಟ್ಟುಬಿಡಬೇಡಿ. ಅದು ಪ್ರಾಯೋಗಿಕ ಕಲಿಕೆ, ಕಂಪನಿಯ ಅನುಭವಕ್ಕೆ ಒತ್ತು ಕೊಡುವ ಉನ್ನತ ಶಿಕ್ಷಣ ಸಂಸ್ಥೆ, ಡಿಗ್ರಿಗೆ ಅದೇ ಬೆಲೆ. ಮುಂದೆ ಸಂಶೋಧನೆ ಮಾಡುವ ಆಸೆ ಇದ್ದರೆ ಯೂನಿವರ್ಸಿಟಿ ನೋಡಿ. ಬೇಗ ಕೆಲಸಕ್ಕೆ ಸೇರಬೇಕು ಅಂದರೆ ಹೊಖ್‌ಷೂಲ ಚೆನ್ನಾಗಿರುತ್ತದೆ.

ಈಗ ನಿಮ್ಮ ಮಾರ್ಕ್ಸ್‌ಗೆ ಜರ್ಮನ್ ಲೆಕ್ಕದಲ್ಲಿ ಎಷ್ಟು ಅಂತ ಕಂಡುಕೊಳ್ಳಿ. ಅಲ್ಲಿ 1.0 ಎಲ್ಲಕ್ಕಿಂತ ಒಳ್ಳೆಯದು, 4.0 ಬರೀ ಪಾಸ್. ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು, ಗರಿಷ್ಠ ಅಂಕದಿಂದ ಪಾಸ್ ಅಂಕ ಕಳೆದು ಬಂದಿದ್ದರಿಂದ ಭಾಗಿಸಿ. ಬಂದ ಉತ್ತರವನ್ನು 3ರಿಂದ ಗುಣಿಸಿ 1 ಕೂಡಿಸಿ.

ಒಂದು ಉದಾಹರಣೆ ಮಾಡಿ ನೋಡೋಣ. ನಿಮ್ಮ ಸಿಜಿಪಿಎ 10ಕ್ಕೆ 7.8. ನಿಮ್ಮ ಯೂನಿವರ್ಸಿಟಿಯಲ್ಲಿ ಪಾಸ್ ಅಂಕ 4 ಅಂತಿಟ್ಟುಕೊಳ್ಳಿ. 10ರಲ್ಲಿ 7.8 ಹೋದರೆ 2.2. 10ರಲ್ಲಿ 4 ಹೋದರೆ 6. ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿದರೆ 2.1. ಅದೇ ಪಾಸ್ ಅಂಕ 5 ಆಗಿದ್ದರೆ ಉತ್ತರ 2.3. ಒಂದೇ ಸಿಜಿಪಿಎ, ಆದರೆ ಪಾಸ್ ಅಂಕ ಬೇರೆ ಆದ್ದರಿಂದ ಗ್ರೇಡೂ ಬೇರೆ. ಹಾಗಾಗಿ ನಿಮ್ಮ ಮಾರ್ಕ್ಸ್ ಕಾರ್ಡಿನ ಹಿಂಭಾಗದಲ್ಲೋ ರೂಲ್ ಪುಸ್ತಕದಲ್ಲೋ ಪಾಸ್ ಅಂಕ ಎಷ್ಟು ಅಂತ ಖಚಿತ ಮಾಡಿಕೊಳ್ಳಿ. ಕೋರ್ಸಿನ ಪುಟದಲ್ಲಿ "ಕನಿಷ್ಠ 2.5" (ಅಂದರೆ 2.5 ಅಥವಾ ಅದಕ್ಕಿಂತ ಕಡಿಮೆ) ಅಂತ ಕೇಳಿದ್ದರೆ ನೀವು ಒಳಗಿದ್ದೀರೋ ಹೊರಗಿದ್ದೀರೋ ಮನೆಯಲ್ಲೇ ಗೊತ್ತಾಗುತ್ತದೆ.

ಮಾರ್ಕ್ಸ್‌ಗಿಂತ ಜಾಸ್ತಿ ಅರ್ಜಿಗಳು ತಿರಸ್ಕಾರವಾಗುವುದು ಇನ್ನೊಂದು ಕಾರಣಕ್ಕೆ. ಜರ್ಮನ್ನರು ನೀವು ಓದಿದ ವಿಷಯ ಮತ್ತು ಕೋರ್ಸಿಗೆ ಬೇಕಾದ ವಿಷಯವನ್ನು ಹೊಂದಿಸಿ ನೋಡುತ್ತಾರೆ. ಗಣಿತದಲ್ಲಿ ಇಷ್ಟು ಕ್ರೆಡಿಟ್, ಎಲೆಕ್ಟ್ರಾನಿಕ್ಸ್‌ನಲ್ಲಿ ಇಷ್ಟು ಕ್ರೆಡಿಟ್ ಅಂತ ಅವರ ನಿಯಮದಲ್ಲೇ ಇರುತ್ತದೆ. ಅಲ್ಲಿ ಪೂರ್ತಿ ಒಂದು ವರ್ಷದ ಓದಿಗೆ 60 ಕ್ರೆಡಿಟ್. ಮೆಕ್ಯಾನಿಕಲ್ ಓದಿ ಡೇಟಾ ಸೈನ್ಸ್‌ಗೆ ಹೋಗುತ್ತೇನೆ ಅಂದರೆ ಇಲ್ಲಿ ಸುಲಭ, ಅಲ್ಲಿ ಕಷ್ಟ. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಅವರು ಕೇಳಿದ ವಿಷಯ, ಬಲಗಡೆ ನೀವು ಓದಿದ ಪೇಪರ್ ಬರೆಯಿರಿ. ಬಲಗಡೆ ಜಾಸ್ತಿ ಖಾಲಿ ಉಳಿದರೆ ಆ ಕೋರ್ಸ್ ಬಿಡಿ, ದುಡ್ಡು ಉಳಿಯುತ್ತದೆ. ನಿಮ್ಮ ಬ್ಯಾಚಿನ ಸಿಲಬಸ್ ಪುಸ್ತಕವನ್ನು ಇಳಿಸಿಟ್ಟುಕೊಳ್ಳಿ, ಅರ್ಜಿಯ ಜೊತೆ ಬಹಳ ಕಡೆ ಕೇಳುತ್ತಾರೆ.

ಐದರಿಂದ ಎಂಟು ಕೋರ್ಸ್ ಸಾಕು. ಎರಡು ಆಸೆಯವು, ನಾಲ್ಕು ಸಿಗುವಂಥವು, ಎರಡು ಖಂಡಿತ ಸಿಗುವಂಥವು. ಊರು ಆರಿಸುವಾಗ ಬಾಡಿಗೆಯನ್ನೂ ನೋಡಿ. ಮ್ಯೂನಿಕ್‌ನಲ್ಲಿ ಒಂದು ರೂಮಿಗೆ ಕೊಡುವ ದುಡ್ಡಿನಲ್ಲಿ ಕೆಮ್ನಿಟ್ಸ್, ಮಾಗ್ಡೆಬುರ್ಗ್, ಇಲ್ಮೆನಾವ್‌ನಂಥ ಊರಿನಲ್ಲಿ ಬಾಡಿಗೆ ಕೊಟ್ಟು ತಿಂಗಳ ದಿನಸಿಯನ್ನೂ ತರಬಹುದು.

ಮೇಲೆ ಫೀಸಿನ ಮಾತಿನಲ್ಲಿ ಟ್ಯೂಬಿಂಗನ್ ಹೆಸರು ಬಂದಿದ್ದರಿಂದ ಒಂದು ಮಾತು. ನಮ್ಮ ಕಿಟೆಲ್ ಇದ್ದಾರಲ್ಲ, 1894ರಲ್ಲಿ ಮಂಗಳೂರಿನಿಂದ ಕನ್ನಡ-ಇಂಗ್ಲಿಷ್ ನಿಘಂಟು ತಂದವರು, ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿದ್ದು ಟ್ಯೂಬಿಂಗನ್ ಯೂನಿವರ್ಸಿಟಿಯೇ. 1903ರಲ್ಲಿ ಅವರು ತೀರಿಕೊಂಡಿದ್ದೂ ಅದೇ ಊರಿನಲ್ಲಿ. ಫೀಸು ಇದ್ದರೂ ಆ ಊರಿನ ಮೇಲೆ ನನಗೆ ವಿಶೇಷ ಪ್ರೀತಿ.

ಹೆಜ್ಜೆ 3: ಭಾಷೆ

ಇಂಗ್ಲಿಷ್ ಕೋರ್ಸ್‌ಗೆ ಸಾಮಾನ್ಯವಾಗಿ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 6.5 ಕೇಳುತ್ತಾರೆ. ಅಕ್ಟೋಬರ್, ನವೆಂಬರ್ ಒಳಗೆ ಬರೆದು ಮುಗಿಸಿ. ಅದರ ಸ್ಕೋರ್ ಎರಡು ವರ್ಷ ನಡೆಯುತ್ತದೆ.

ಜರ್ಮನ್ ಕಡ್ಡಾಯ ಇಲ್ಲದಿದ್ದರೂ ಕಲಿಯಿರಿ. ದಯವಿಟ್ಟು ಕಲಿಯಿರಿ. ಇಂಗ್ಲಿಷಿನಲ್ಲಿ ಪಾಠ ನಡೆಯುತ್ತದೆ ನಿಜ, ಆದರೆ ಬೇಕರಿಯವಳು, ಮನೆ ಮಾಲೀಕ, ಡಾಕ್ಟರ ರಿಸೆಪ್ಷನ್, ಮುಂದೆ ಇಂಟರ್‌ವ್ಯೂ ಮಾಡುವ ಸಣ್ಣ ಕಂಪನಿ, ಇವರೆಲ್ಲ ಮಾತಾಡುವುದು ಜರ್ಮನ್. ಬೆಂಗಳೂರಿನಲ್ಲಿ ಗೋಯಥೆ ಇನ್‌ಸ್ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮ್ಯುಲ್ಲರ್ ಭವನ ಇದೆ. ಬೇರೆ ಊರಿನವರಿಗೆ ಆನ್‌ಲೈನ್ ಕ್ಲಾಸುಗಳೂ ಇವೆ. ಹೊರಡುವ ಹೊತ್ತಿಗೆ ಎ2, ಅಂದರೆ ಜರ್ಮನ್ ಕಲಿಕೆಯ ಎರಡನೇ ಹಂತ, ಆಗಿದ್ದರೆ ಮೊದಲ ಆರು ತಿಂಗಳು ಎಷ್ಟೋ ಹಗುರವಾಗುತ್ತದೆ. ಅಲ್ಲಿಗೆ ಹೋಗಿ ಕಲಿಯುತ್ತೇನೆ ಅಂದವರಲ್ಲಿ ಕಲಿತವರು ಕಡಿಮೆ. ಓದು, ಕೆಲಸ, ಅಡುಗೆ, ಇಷ್ಟರಲ್ಲೇ ದಿನ ಮುಗಿದುಹೋಗುತ್ತದೆ.

ಹೆಜ್ಜೆ 4: ಎಪಿಎಸ್

ನಮ್ಮ ಸರ್ಟಿಫಿಕೇಟುಗಳು ಅಸಲಿಯೇ ಅಂತ ನೋಡಿ ಪ್ರಮಾಣಪತ್ರ ಕೊಡುವ ಕಚೇರಿ ದೆಹಲಿಯಲ್ಲಿದೆ. ಅದೇ ಎಪಿಎಸ್. 2022ರ ನವೆಂಬರ್‌ನಿಂದ ಭಾರತದಲ್ಲಿ ಓದಿದವರಿಗೆ ಸ್ಟೂಡೆಂಟ್ ವೀಸಾಕ್ಕೆ ಇದು ಕಡ್ಡಾಯ. ಅನೇಕ ಯೂನಿವರ್ಸಿಟಿಗಳು ಅಡ್ಮಿಷನ್ ಅರ್ಜಿಯ ಜೊತೆಗೇ ಕೇಳುತ್ತವೆ. ಶುಲ್ಕ 18,000 ರೂಪಾಯಿ.

ಆನ್‌ಲೈನಿನಲ್ಲಿ ಅರ್ಜಿ ತುಂಬಿ, ಅವರು ಕೇಳಿದ ಪೇಪರ್‌ಗಳನ್ನು ಅವರು ಹೇಳಿದ ಕ್ರಮದಲ್ಲೇ ಕಳಿಸಬೇಕು. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಆವರೆಗಿನ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್ ಇಟ್ಟು ಹಾಕಬಹುದು. ಒಂದು ಪೇಪರ್ ಬಿಟ್ಟುಹೋದರೂ ಫೈಲ್ ಅಲ್ಲೇ ನಿಲ್ಲುತ್ತದೆ. ಎಲ್ಲರೂ ಒಟ್ಟಿಗೆ ಹಾಕುವ ತಿಂಗಳುಗಳಲ್ಲಿ ತುಂಬಾ ಕಾಯಬೇಕಾಗುತ್ತದೆ. ಆದ್ದರಿಂದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಹಾಕಿಬಿಡಿ. ಒಮ್ಮೆ ಸಿಕ್ಕ ಸರ್ಟಿಫಿಕೇಟಿಗೆ ಅವಧಿ ಮುಗಿಯುವ ಭಯ ಇಲ್ಲ, ಬೇಗ ಹಾಕಿದರೆ ನಷ್ಟವೇನೂ ಇಲ್ಲ.

ಹೆಜ್ಜೆ 5: ಅರ್ಜಿ ಹಾಕುವುದು

ಚಳಿಗಾಲದ ಸೆಮಿಸ್ಟರ್‌ಗೆ, ಅಂದರೆ ಅಕ್ಟೋಬರ್‌ನಲ್ಲಿ ಶುರುವಾಗುವುದಕ್ಕೆ, ಎಲ್ಲರೂ ಹೇಳುವ ಕೊನೆಯ ದಿನ ಜುಲೈ 15. ಬೇಸಿಗೆಯದಕ್ಕೆ ಜನವರಿ 15. ಆದರೆ ನಮ್ಮಂಥ ಹೊರದೇಶದವರಿಗೆ ಅನೇಕ ಕೋರ್ಸ್‌ಗಳು ಮಾರ್ಚ್, ಏಪ್ರಿಲ್, ಮೇಯಲ್ಲೇ ಬಾಗಿಲು ಹಾಕುತ್ತವೆ. ಜುಲೈ 15ರ ತನಕ ತೆರೆದಿದ್ದರೂ, ಅಷ್ಟು ತಡವಾಗಿ ಹಾಕಿದರೆ ವೀಸಾಕ್ಕೆ ಟೈಮ್ ಉಳಿಯುವುದಿಲ್ಲ. ಎಲ್ಲ ಅರ್ಜಿಗಳನ್ನೂ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಸುವುದು ಕ್ಷೇಮ.

ಕೆಲವು ಕಡೆ ನೇರವಾಗಿ ಯೂನಿವರ್ಸಿಟಿಯ ವೆಬ್‌ಸೈಟಿನಲ್ಲೇ ಹಾಕುತ್ತೀರಿ. ಕೆಲವು ಕಡೆ ಯೂನಿ-ಅಸಿಸ್ಟ್ ಅನ್ನುವ ಸಂಸ್ಥೆಯ ಮೂಲಕ. ಅವರಿಗೆ ಆ ಸೆಮಿಸ್ಟರ್‌ನ ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೂ 30 ಯೂರೋ. ಐದು ಅರ್ಜಿ ಅಂದರೆ 195 ಯೂರೋ. ಇನ್ನು ಕೆಲವು ಯೂನಿವರ್ಸಿಟಿಗಳು ಯೂನಿ-ಅಸಿಸ್ಟ್‌ನಿಂದ ವಿಪಿಡಿ ಎಂಬ ಮಾರ್ಕ್ಸ್ ಪರಿಶೀಲನೆಯ ಪತ್ರ ತಂದು, ಅದನ್ನಿಟ್ಟು ನಮ್ಮಲ್ಲಿ ಅರ್ಜಿ ಹಾಕಿ ಅನ್ನುತ್ತವೆ. ಅಂಥ ಕಡೆ ಎರಡು ಹಂತ. ಕೊನೆಯ ದಿನಕ್ಕೆ ಎರಡು ತಿಂಗಳ ಮೊದಲೇ ವಿಪಿಡಿಗೆ ಹಾಕಿ.

ಮೋಟಿವೇಷನ್ ಲೆಟರ್, ಅಂದರೆ ಈ ಕೋರ್ಸ್ ಯಾಕೆ ಬೇಕು ಅಂತ ನೀವು ಬರೆಯುವ ಪತ್ರದ ಬಗ್ಗೆ ಸ್ವಲ್ಪ ಹೇಳಲೇಬೇಕು. ನನಗೆ ಓದಲು ಕಳಿಸುವ ಹತ್ತು ಲೆಟರ್‌ಗಳಲ್ಲಿ ಎಂಟು "ಚಿಕ್ಕಂದಿನಿಂದಲೂ ನನಗೆ ಯಂತ್ರಗಳ ಮೇಲೆ ಆಸಕ್ತಿ" ಅಂತಲೇ ಶುರುವಾಗುತ್ತವೆ. ಅದರಿಂದ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಒಬ್ಬ ಹುಡುಗನಿಗೆ ಕೇಳಿದೆ, "ನಿಜ ಹೇಳು, ಪ್ರಾಜೆಕ್ಟ್ ಏನು ಮಾಡಿದೆ?" ಅವನು ತಮ್ಮ ಅಡಿಕೆ ತೋಟದ ಪಂಪ್‌ಸೆಟ್‌ಗೆ, ರಾತ್ರಿ ಕರೆಂಟ್ ಬಂದಾಗ ತಾನೇ ಆನ್ ಆಗಿ, ಬಾವಿಯಲ್ಲಿ ನೀರು ಇಳಿದಾಗ ತಾನೇ ಆಫ್ ಆಗುವ ಸರ್ಕ್ಯೂಟ್ ಮಾಡಿದ್ದ. ಎರಡು ಸಲ ಮೋಟಾರ್ ಸುಟ್ಟಿತ್ತು. ಮೂರನೇ ಸಲ ಯಾಕೆ ಸುಡಲಿಲ್ಲ ಅನ್ನುವುದನ್ನು ಅವನು ಕಣ್ಣರಳಿಸಿ ವಿವರಿಸಿದ. "ಇದನ್ನೇ ಬರೆಯೋ ಮಾರಾಯ" ಅಂದೆ. ಬರೆದ. ಏನು ಮಾಡಿದಿರಿ, ಎಲ್ಲಿ ಸೋತಿರಿ, ಆ ಕೋರ್ಸಿನ ಯಾವ ವಿಷಯ ನಿಮಗೆ ಮುಂದಕ್ಕೆ ಬೇಕು, ಅದು ಬೇರೆ ಕಡೆ ಸಿಗದೆ ಇಲ್ಲೇ ಯಾಕೆ. ಇಷ್ಟು ಒಂದೂವರೆ ಪುಟದಲ್ಲಿ ಬಂದರೆ ಸಾಕು. ಒಂದೊಂದು ಯೂನಿವರ್ಸಿಟಿಗೂ ಬೇರೆ ಲೆಟರ್ ಬರೆಯಿರಿ. ಕಾಪಿ ಮಾಡಿದ್ದು ಅವರಿಗೆ ತಿಳಿಯುತ್ತದೆ.

ಶಿಫಾರಸು ಪತ್ರಕ್ಕೆ ನಿಮಗೆ ಪಾಠ ಮಾಡಿದ ಮೇಷ್ಟ್ರ ಹತ್ತಿರ ಹೋಗಿ. ಅವರಿಗೆ ನೂರಾರು ಮಕ್ಕಳು. ನೀವು ಯಾವ ವರ್ಷ, ಯಾವ ಪೇಪರ್, ಎಷ್ಟು ಮಾರ್ಕ್ಸ್, ಯಾವ ಪ್ರಾಜೆಕ್ಟ್ ಅಂತ ಒಂದು ಹಾಳೆ ಬರೆದುಕೊಂಡು ಹೋದರೆ ಅವರಿಗೂ ಬರೆಯಲು ಅನುಕೂಲ. ಸೆಮಿಸ್ಟರ್ ಪರೀಕ್ಷೆಯ ಗಡಿಬಿಡಿಯಲ್ಲಿ ಕೇಳಬೇಡಿ.

ಹೆಜ್ಜೆ 6: ದುಡ್ಡು

ಜರ್ಮನಿಯಲ್ಲಿ ಒಂದು ವರ್ಷ ಬದುಕಲು ಬೇಕಾದ ದುಡ್ಡು ನಿಮ್ಮ ಹತ್ತಿರ ಇದೆ ಅಂತ ವೀಸಾದವರಿಗೆ ತೋರಿಸಬೇಕು. ಅದಕ್ಕೆ ಬ್ಲಾಕ್ಡ್ ಅಕೌಂಟ್, ಅಂದರೆ ದುಡ್ಡನ್ನು ಒಮ್ಮೆಗೇ ತೆಗೆಯಲು ಬರದ ಖಾತೆ. 2024ರ ಸೆಪ್ಟೆಂಬರ್‌ನಿಂದ ಮೊತ್ತ 11,904 ಯೂರೋ. ಇದು ಯಾರಿಗೋ ಕಟ್ಟುವ ಫೀಸಲ್ಲ, ನಿಮ್ಮದೇ ದುಡ್ಡು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈಗೆ ಬರುತ್ತದೆ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ಮೊತ್ತವನ್ನು ಆಗಾಗ ಏರಿಸುತ್ತಾರೆ, ಕಟ್ಟುವ ಮುಂಚೆ ರಾಯಭಾರ ಕಚೇರಿಯ ಪುಟದಲ್ಲಿ ಒಮ್ಮೆ ನೋಡಿ. ಎಕ್ಸ್‌ಪಾಟ್ರಿಯೊ, ಫಿನ್ಟಿಬಾದಂಥ ಕಂಪನಿಗಳು ಈ ಅಕೌಂಟ್ ತೆರೆದುಕೊಡುತ್ತವೆ.

ಎಜುಕೇಷನ್ ಲೋನ್ ತೆಗೆಯುವವರಿಗೆ ಇಲ್ಲಿ ಒಂದು ತೊಡಕು ಬರುತ್ತದೆ. ಬ್ಯಾಂಕಿನವರು ರೂಢಿಯಂತೆ "ಕಾಲೇಜಿನ ಫೀಸ್ ಸ್ಟ್ರಕ್ಚರ್ ತನ್ನಿ, ಫೀಸು ಕಾಲೇಜಿಗೇ ಕಳಿಸ್ತೀವಿ" ಅನ್ನುತ್ತಾರೆ. ಇಲ್ಲಿ ಫೀಸೇ ಇಲ್ಲ! ಸಣ್ಣ ಊರಿನ ಶಾಖೆಯ ಮ್ಯಾನೇಜರಿಗೆ ಇದು ಹೊಸದಾಗಿರಬಹುದು. ಮೊದಲ ಭೇಟಿಯಲ್ಲೇ ಯೂನಿವರ್ಸಿಟಿಯ ಶುಲ್ಕದ ಪುಟ ಮತ್ತು ಬ್ಲಾಕ್ಡ್ ಅಕೌಂಟ್ ಕಡ್ಡಾಯ ಅನ್ನುವ ರಾಯಭಾರ ಕಚೇರಿಯ ಪುಟ ಎರಡನ್ನೂ ಪ್ರಿಂಟ್ ತೆಗೆದು ಒಯ್ಯಿರಿ. ಜೀವನವೆಚ್ಚಕ್ಕೆ ಲೋನ್ ಬೇಕು, ದುಡ್ಡು ಬ್ಲಾಕ್ಡ್ ಅಕೌಂಟಿಗೆ ಒಟ್ಟಿಗೇ ಹೋಗಬೇಕು ಅನ್ನುವುದನ್ನು ಮಂಜೂರಾತಿ ಪತ್ರದಲ್ಲೇ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಬಿಡಬೇಡಿ. ಅಪ್ಪ ಜಮೀನಿನ ಪತ್ರ ಅಡ ಇಡುವುದಾದರೆ ಪಹಣಿ, ಕ್ರಯಪತ್ರ, ಇಸಿ ಹೊಂದಿಸುವುದಕ್ಕೇ ತಿಂಗಳು ಬೇಕು. ಕೃಷಿ ಜಮೀನನ್ನು ಅಡ ಇಟ್ಟುಕೊಳ್ಳಲು ಅನೇಕ ಬ್ಯಾಂಕ್‌ಗಳು ಒಪ್ಪುವುದಿಲ್ಲ, ಮನೆ ಸೈಟು ಇದ್ದರೆ ಕೇಳುತ್ತಾರೆ. ಇದನ್ನೂ ಜನವರಿಯಲ್ಲೇ ವಿಚಾರಿಸಿ.

ಸ್ಕಾಲರ್‌ಶಿಪ್ ಬೇಕಾದವರು ಡಾಡ್‌ನ ಪಟ್ಟಿ ನೋಡಿ. ಅದರಲ್ಲಿ ಕೆಲವು, ಎರಡು ವರ್ಷ ಕೆಲಸ ಮಾಡಿ ಬಂದವರಿಗೆ. ಯುರೋಪಿನ ಒಕ್ಕೂಟದ ಎರಾಸ್ಮಸ್ ಮುಂಡುಸ್ ಸ್ಕಾಲರ್‌ಶಿಪ್ ಸಿಕ್ಕರೆ ತಿಂಗಳಿಗೆ 1,400 ಯೂರೋ, ಮತ್ತು ಎರಡು ಮೂರು ದೇಶಗಳಲ್ಲಿ ಓದಬಹುದು. ಅದರ ಅರ್ಜಿಗಳು ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿ ಒಳಗೆ ಮುಗಿಯುತ್ತವೆ. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಕೂಡ ಇದೆ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ನಿಗಮಗಳಲ್ಲಿ ವಿದೇಶಿ ಓದಿಗೆ ಸಾಲ ಸಿಗುತ್ತದೆ. ಆ ವರ್ಷದ ಅರ್ಜಿ ಯಾವಾಗ ಕರೆಯುತ್ತಾರೆ ಅಂತ ನಿಮ್ಮ ಜಿಲ್ಲಾ ಕಚೇರಿಗೆ ಹೋಗಿ ಕೇಳಿ. ಹಕ್ಕಿನದು, ಸಂಕೋಚ ಬೇಡ.

ಪಾರ್ಟ್‌ಟೈಮ್ ಕೆಲಸ ಮಾಡಿ ಎಲ್ಲ ಖರ್ಚು ನಿಭಾಯಿಸುತ್ತೇನೆ ಅನ್ನುವ ಲೆಕ್ಕ ಮಾತ್ರ ಹಾಕಬೇಡಿ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅವಕಾಶ ಇದೆ. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಆದರೆ ಸಣ್ಣ ಊರಿನಲ್ಲಿ ಜರ್ಮನ್ ಬರದೆ ಕೆಲಸ ಸಿಗಲು ತಿಂಗಳುಗಳು ಬೇಕು. ಮೊದಲ ವರ್ಷ ಕೂಲಿ ಬರುವುದಿಲ್ಲ ಅಂತಲೇ ಲೆಕ್ಕ ಹಾಕಿ.

ಹೆಜ್ಜೆ 7: ವೀಸಾ

ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಪೇಪರ್, ಬೆರಳಚ್ಚು ಕೊಡುವುದು ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕಂಪನಿಯ ಕೇಂದ್ರದಲ್ಲಿ. ಶುಲ್ಕ 75 ಯೂರೋ, ರೂಪಾಯಿಯಲ್ಲಿ ಕಟ್ಟುತ್ತೀರಿ. ಅಡ್ಮಿಷನ್ ಲೆಟರ್, ಎಪಿಎಸ್, ಬ್ಲಾಕ್ಡ್ ಅಕೌಂಟ್ ದಾಖಲೆ, ಐಇಎಲ್‌ಟಿಎಸ್, ಮಾರ್ಕ್ಸ್ ಕಾರ್ಡ್‌ಗಳು, ಮೋಟಿವೇಷನ್ ಲೆಟರ್, ಇನ್ಶೂರೆನ್ಸ್ ಇಷ್ಟು ಮುಖ್ಯ. ಅಡ್ಮಿಷನ್ ಸಿಕ್ಕ ವಾರವೇ ಅಪಾಯಿಂಟ್‌ಮೆಂಟ್ ಹುಡುಕಲು ಶುರು ಮಾಡಿ.

2025ರ ಜುಲೈ 1ರಿಂದ ಒಂದು ನಿಯಮ ಬದಲಾಗಿದೆ. ಮೊದಲು ವೀಸಾ ತಿರಸ್ಕಾರವಾದರೆ ಕಾನ್ಸುಲೇಟಿಗೇ ಆಕ್ಷೇಪಣೆ ಬರೆದು ಮತ್ತೆ ಪರಿಶೀಲಿಸಿ ಅನ್ನಬಹುದಿತ್ತು. ಈಗ ಆ ದಾರಿ ಇಲ್ಲ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನಲ್ಲಿ ಕೋರ್ಟಿಗೆ ಹೋಗಬೇಕು. ಹಾಗಾಗಿ ಮೊದಲ ಸಲವೇ ಫೈಲ್ ಪೂರ್ತಿ ಇರಲಿ.

ಇನ್ಶೂರೆನ್ಸ್ ಆರಿಸುವಾಗ ಎಚ್ಚರ. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಅಲ್ಲಿಯ ಸರ್ಕಾರಿ ಮಾದರಿಯ ಆರೋಗ್ಯ ವಿಮೆ ತಿಂಗಳಿಗೆ ಸುಮಾರು 140ರಿಂದ 150 ಯೂರೋಗೆ ಸಿಗುತ್ತದೆ. ಕಡಿಮೆ ದುಡ್ಡು ಅಂತ ಖಾಸಗಿ ವಿಮೆಗೆ ಹೋದರೆ ಓದು ಮುಗಿಯುವ ತನಕ ಸರ್ಕಾರಿಯದಕ್ಕೆ ವಾಪಸ್ ಬರಲು ಆಗುವುದಿಲ್ಲ.

ಹೆಜ್ಜೆ 8: ರೂಮು ಮತ್ತು ಗಂಟುಮೂಟೆ

ಷ್ಟುಡಿಯರೆಂಡೆನ್‌ವೆರ್ಕ್ ಅನ್ನುವ ಸಂಸ್ಥೆ ಹಾಸ್ಟೆಲ್ ನಡೆಸುತ್ತದೆ. ಅಡ್ಮಿಷನ್ ಬಂದ ದಿನವೇ ಅಲ್ಲಿ ಅರ್ಜಿ ಹಾಕಿ, ಕೆಲವು ಊರಿನಲ್ಲಿ ಅಡ್ಮಿಷನ್‌ಗೂ ಮೊದಲೇ ತೆಗೆದುಕೊಳ್ಳುತ್ತಾರೆ. ಹೊರಗೆ ಹುಡುಕುವಾಗ "ನಾನು ಲಂಡನ್‌ನಲ್ಲಿದ್ದೇನೆ, ಅಡ್ವಾನ್ಸ್ ಕಳಿಸಿ, ಕೀ ಕೊರಿಯರ್ ಮಾಡ್ತೀನಿ" ಅನ್ನುವವರು ಸಿಕ್ಕೇ ಸಿಗುತ್ತಾರೆ. ನೂರಕ್ಕೆ ನೂರು ಮೋಸ. ಮನೆ ನೋಡದೆ, ಅಗ್ರಿಮೆಂಟ್ ಇಲ್ಲದೆ ಒಂದು ಯೂರೋ ಕೂಡ ಕಳಿಸಬೇಡಿ.

ಸೂಟ್‌ಕೇಸಿಗೆ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಒಂದು ಕೆಜಿ ರಾಗಿಹಿಟ್ಟು ಹಾಕಿಕೊಳ್ಳಿ. ತುಪ್ಪ ಬೇಡ. ಹಾಲು, ಮಾಂಸದಿಂದ ಮಾಡಿದ ಪದಾರ್ಥಗಳನ್ನು ಹೊರಗಿನಿಂದ ತರಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ. ಅಲ್ಲೇ ಬೆಣ್ಣೆ ಸಿಗುತ್ತದೆ, ಕಾಯಿಸಿದರೆ ಘಮಘಮ ತುಪ್ಪ. ಚಪ್ಪಟೆ ತಳದ ಸಣ್ಣ ಕುಕ್ಕರ್ ಒಯ್ಯಿರಿ, ಅಲ್ಲಿ ಒಲೆ ಕರೆಂಟಿನದು. ದಪ್ಪ ಜಾಕೆಟ್ ಅಲ್ಲೇ ಕೊಳ್ಳಿ.

ಹೆಜ್ಜೆ 9: ಮೊದಲ ವಾರಗಳು

ಆದಷ್ಟು ಶನಿವಾರ ರಾತ್ರಿ ಇಳಿಯುವ ಫ್ಲೈಟ್ ಬುಕ್ ಮಾಡಬೇಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ನಾನು ಮೊದಲ ಭಾನುವಾರ ಅಮ್ಮ ಕೊಟ್ಟ ಚಕ್ಕುಲಿಯಲ್ಲೇ ದಿನ ಕಳೆದೆ.

ಮನೆ ಸೇರಿದ ಎರಡು ವಾರದೊಳಗೆ ಊರಿನ ಆಫೀಸಿನಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಮಾಲೀಕರು "ಇವರು ಇಲ್ಲಿದ್ದಾರೆ" ಅಂತ ಸಹಿ ಮಾಡಿದ ಫಾರ್ಮ್ ಬೇಕು. ಕೀ ತೆಗೆದುಕೊಳ್ಳುವಾಗಲೇ ಅದನ್ನೂ ಕೇಳಿ ಪಡೆಯಿರಿ. ಬ್ಯಾಂಕ್ ಖಾತೆ, ಬ್ಲಾಕ್ಡ್ ಅಕೌಂಟಿನ ದುಡ್ಡು, ಟ್ಯಾಕ್ಸ್ ನಂಬರ್, ರೆಸಿಡೆನ್ಸ್ ಪರ್ಮಿಟ್, ಎಲ್ಲಕ್ಕೂ ಈ ಒಂದು ಕಾಗದ ಬೇಕಾಗುತ್ತದೆ.

ಆಮೇಲೆ ಯಾರೂ ಹೇಳದ ಒಂದು ಸಣ್ಣ ಕೆಲಸ. ಮನೆಯ ಕೆಳಗಿರುವ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಿ. ಅಲ್ಲಿ ಪೋಸ್ಟ್‌ಮ್ಯಾನ್ ರೂಮ್ ನಂಬರ್ ನೋಡುವುದಿಲ್ಲ, ಪೆಟ್ಟಿಗೆಯ ಮೇಲಿನ ಹೆಸರು ನೋಡುತ್ತಾನೆ. ಹೆಸರಿಲ್ಲದಿದ್ದರೆ ಕಾಗದ ವಾಪಸ್. ಬ್ಯಾಂಕ್ ಕಾರ್ಡು, ಪಿನ್, ವಿಮೆಯ ಕಾರ್ಡು ಎಲ್ಲ ಬರುವುದು ಅಂಚೆಯಲ್ಲೇ. ನನ್ನ ಪಕ್ಕದ ರೂಮಿನ ಹುಡುಗಿ ಮೂರು ವಾರ ಕಾರ್ಡಿಗಾಗಿ ಕಾದಳು, ಆಮೇಲೆ ನೋಡಿದರೆ ಪೆಟ್ಟಿಗೆಯ ಮೇಲೆ ಹಳೆಯ ಬಾಡಿಗೆದಾರನ ಹೆಸರೇ ಇತ್ತು.

ವೀಸಾ ಕೆಲವೇ ತಿಂಗಳಿಗೆ ಇರುತ್ತದೆ. ಅದು ಮುಗಿಯುವ ಮೊದಲೇ ವಿದೇಶಿಯರ ಕಚೇರಿಯಲ್ಲಿ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅಪಾಯಿಂಟ್‌ಮೆಂಟ್ ಸಿಗುವುದು ತಡ, ಬಂದ ತಿಂಗಳೇ ಕೇಳಿ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಲು ಬಿಡುತ್ತಾರೆ, ಅದಕ್ಕೂ ಇದೇ ಕಚೇರಿ.

ಕೊನೆಯದಾಗಿ ಪರೀಕ್ಷೆ. ನಮ್ಮಲ್ಲಿ ಕ್ಲಾಸಿಗೆ ಸೇರಿದರೆ ಪರೀಕ್ಷೆಗೂ ಸೇರಿದ ಹಾಗೆ. ಅಲ್ಲಿ ಒಂದೊಂದು ಪೇಪರ್‌ಗೂ ನೀವೇ ಆನ್‌ಲೈನಿನಲ್ಲಿ ಹೆಸರು ಕೊಡಬೇಕು. ಸೆಮಿಸ್ಟರ್ ಪೂರ್ತಿ ಕ್ಲಾಸಿನಲ್ಲಿ ಕೂತಿದ್ದರೂ, ಕೊಡದಿದ್ದರೆ ಬರೆಯಲು ಬಿಡುವುದಿಲ್ಲ. ಹೆಸರು ಕೊಟ್ಟು ಪರೀಕ್ಷೆಗೆ ಹೋಗದಿದ್ದರೆ ಬಹಳ ಕಡೆ ಫೇಲ್ ಅಂತ ಲೆಕ್ಕ. ಒಂದು ಪೇಪರ್‌ಗೆ ಸಾಮಾನ್ಯವಾಗಿ ಮೂರೇ ಅವಕಾಶ. ಕಡ್ಡಾಯ ಪೇಪರ್‌ನಲ್ಲಿ ಮೂರೂ ಸಲ ಫೇಲ್ ಆದರೆ ಕೋರ್ಸಿನಿಂದ ಹೊರಗೆ, ಅದೇ ವಿಷಯವನ್ನು ಜರ್ಮನಿಯ ಬೇರೆ ಕಡೆ ಓದುವುದೂ ಕಷ್ಟ. ಹೆಸರು ಕೊಡುವ ಮತ್ತು ವಾಪಸ್ ತೆಗೆಯುವ ಕೊನೆಯ ದಿನ ಎರಡೂ ಕೋರ್ಸಿನ ಪುಟದಲ್ಲಿರುತ್ತವೆ. ಮೊದಲ ವಾರದಲ್ಲೇ ಎರಡನ್ನೂ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.